ಮೂರು ಜೊತೆ ಗಂಬೂಟು, ಎರಡು ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ಎರಡನೆಯದು ತಗೊಳ್ಳಿ. 15 ಇಂಚು ಎತ್ತರ, ಒಳಗೆ ಬಟ್ಟೆಯ ಲೈನಿಂಗ್, ಶಿರಸಿ ಪೇಟೆಯಲ್ಲಿ ನಾನು ಕೊಟ್ಟಿದ್ದು 650 ರೂಪಾಯಿ. ಅವಸರ ಇದ್ದವರು ಇಷ್ಟು ಓದಿ ಅಂಗಡಿಗೆ ಹೋಗಬಹುದು.

ಗಂಬೂಟಿನ ಬಗ್ಗೆ ಬರೆಯುತ್ತೇನೆ ಅಂದಾಗ ಮೈದುನ ನಕ್ಕ. "ಅತ್ತಿಗೆ, ಅದರಲ್ಲಿ ಬರೆಯೋಕೆ ಏನಿದೆ? ಕಾಲು ಹಾಕಿದರೆ ಆಯ್ತು" ಅಂದ. ಅವನು ಹುಟ್ಟಿದಾಗಿನಿಂದ ಬರಿಗಾಲಲ್ಲೇ ತೋಟಕ್ಕೆ ಹೋಗುವವ. ನಾನು ಬೇರೆ ಕಡೆಯಿಂದ ಬಂದವಳು. ಕರಾವಳಿಯ ಒಂದು ಮೆಡಿಕಲ್ ಕಾಲೇಜಿನ ಪೆಥಾಲಜಿ ಲ್ಯಾಬಿನಲ್ಲಿ 26 ವರ್ಷ ಟೆಕ್ನಿಷಿಯನ್ ಆಗಿದ್ದೆ. ಪೋಸ್ಟ್‌ಮಾರ್ಟಂ ಆದ ಮೇಲೆ ಡಬ್ಬಿಯಲ್ಲಿ ಬರುವ ತುಂಡುಗಳನ್ನು ಮೇಣದಲ್ಲಿ ಕೂರಿಸುವುದು, ತೆಳ್ಳಗೆ ಕೊಯ್ಯುವುದು, ಬಣ್ಣ ಹಾಕಿ ಡಾಕ್ಟರ ಮೇಜಿನ ಮೇಲೆ ಇಡುವುದು, ಇದೇ ಕೆಲಸ. ನಿವೃತ್ತಿ ಆಗಿ ಗಂಡನ ಊರಿಗೆ ಬಂದು ಮೂರು ವರ್ಷ ಆಯ್ತು. ಶಿರಸಿಯಿಂದ ಸಿದ್ದಾಪುರದ ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು. ಎರಡು ಎಕರೆ ಅಡಿಕೆ, ಸ್ವಲ್ಪ ಕಾಳುಮೆಣಸು, ಬೇಕಾದಷ್ಟು ರಕ್ತ ಹೀರುವ ಉಂಬಳ.

ಬಂದ ಮೊದಲ ಮಳೆಗಾಲದಲ್ಲೇ ಉದುರಡಿಕೆ ಹೆಕ್ಕುವಾಗ ದರಕಿನ ಮೇಲೆ ಒಂದು ಸಣ್ಣ ಹಾವು ಕಂಡಿತು. ಕಂಡಿತು ಅನ್ನುವುದೂ ತಪ್ಪು. ಒಣಗಿದ ಎಲೆಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ, ಅದಾಗಿ ಹಂದಾಡಿದ್ದಕ್ಕೆ ಗೊತ್ತಾಯಿತು. ನನ್ನ ಹವಾಯಿ ಚಪ್ಪಲಿಯಿಂದ ಎರಡು ಗೇಣು ದೂರ. ಮಾರನೇ ದಿನವೇ ಪೇಟೆಗೆ ಹೋದೆ.

ಮೊದಲನೆಯ ಜೊತೆ

ಕಪ್ಪು ಪಿವಿಸಿ, 380 ರೂಪಾಯಿ. ಎತ್ತರ 11 ಇಂಚು. ಏನು ಕೈಗೆ ಸಿಕ್ಕರೂ ಅಳೆಯುವುದು ನನ್ನ ಹಳೆ ಚಟ. ಕ್ಯಾಲಿಪರ್ ಹಿಡಿದು ದಪ್ಪ ಅಳೆದೆ. ಪಾದದ ಮೇಲೆ 2.6 ಮಿಲಿಮೀಟರ್, ಮೀನಖಂಡದ ಹತ್ತಿರ 1.5. ಲ್ಯಾಬಿನಲ್ಲಿ ನಾವು ಕೊಯ್ಯುವ ಪದರ 3ರಿಂದ 5 ಮೈಕ್ರಾನ್ ದಪ್ಪ ಇರುತ್ತದೆ. 1 ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಹಾಗಾಗಿ ನನ್ನ ಕಣ್ಣಿಗೆ ಒಂದೂವರೆ ಮಿಲಿಮೀಟರ್ ಕೋಟೆ ಗೋಡೆಯ ಹಾಗೆ ಕಂಡಿತು. ಆಮೇಲೆ ಗೋಣಿ ಹೊಲಿಯುವ ದಬ್ಬಣ ತಗೊಂಡು ಒತ್ತಿ ನೋಡಿದೆ. ಪಾದದ ಮೇಲೆ ಹೋಗಲಿಲ್ಲ. ಮೀನಖಂಡದ ಹತ್ತಿರ ಹೋಯಿತು. ದಬ್ಬಣ ಹಾವಿನ ಹಲ್ಲಲ್ಲ, ನನ್ನ ಕೈ ಹಾವಿನ ತಲೆಯಲ್ಲ, ಗೊತ್ತು. ಆದರೂ ಸುಮ್ನೆ ನಂಬುವುದಕ್ಕಿಂತ ಇದು ಮೇಲು.

ಇದರ ದೊಡ್ಡ ತೊಂದರೆ ಬೇರೆಯೇ. ಸೈಜು 6ರಿಂದ ಶುರು. ನನ್ನ ಕಾಲು 4. ಅಂಗಡಿಯ ಹುಡುಗ, "ಎರಡು ಸಾಕ್ಸ್ ಹಾಕಿ ಅಮ್ಮಾ" ಅಂದ. ಹಾಕಿದೆ. ತೋಟದಲ್ಲಿ ನೀರು ಹರಿದುಹೋಗುವ ಕಾದಿಗೆ ದಾಟುವಾಗ ಬೂಟು ಕೆಸರಲ್ಲಿ ಉಳಿಯಿತು, ಕಾಲು ಮಾತ್ರ ಆಚೆ ದಡಕ್ಕೆ ಬಂತು. ಅಡಿಕೆ ಹೆಕ್ಕುವವರು ಹೆಂಗಸರು, ದರಕು ಬಾಚುವವರು ಹೆಂಗಸರು, ನಸುಕಿನಲ್ಲಿ ಕೊಟ್ಟಿಗೆಗೆ ಹೋಗುವವರು ಹೆಂಗಸರು. ಬೂಟು ಮಾತ್ರ ಗಂಡಸರ ಅಳತೆಯದು. ಎರಡನೇ ಮಳೆಗಾಲದ ಆಷಾಢದಲ್ಲಿ ಪಾದ ಮಡಚುವ ಜಾಗದಲ್ಲಿ ಬಿರುಕು ಬಿಟ್ಟು ಇದು ಮೂಲೆ ಸೇರಿತು.

ಬೂಟಿನ ಒಳಗೆ ಏನನ್ನು ಉಳಿಸಿಕೊಳ್ಳುತ್ತಿದ್ದೇವೆ

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಬೂಟಿನ ವಿಷಯ ಮಾತ್ರ ಬೇಕಾದವರು ಕೆಳಗಿನ ಎರಡನೆಯ ಜೊತೆಗೆ ಹಾರಬಹುದು.

ಹಾವು ಕಚ್ಚಿ ಸತ್ತವರ ತುಂಡುಗಳು ನಮ್ಮ ಲ್ಯಾಬಿಗೆ ಜಾಸ್ತಿ ಬರುತ್ತಿದ್ದದ್ದು ಮಳೆಗಾಲದಲ್ಲಿ. ಹೆದ್ದಾರಿ 66ರ ಉದ್ದಕ್ಕೂ ಊರೂರುಗಳಿಂದ ರೋಗಿಗಳು ಬರುತ್ತಿದ್ದರು. ಕೆಲವರು ಉಳಿಯುತ್ತಿರಲಿಲ್ಲ. ಉಳಿಯದವರ ಮೂತ್ರಪಿಂಡ, ಶ್ವಾಸಕೋಶ, ಲಿವರ್, ಹೃದಯ, ಮೆದುಳು, ಕಚ್ಚಿದ ಜಾಗದ ಚರ್ಮ, ಇವುಗಳ ಚೂರುಗಳು ಹೆಸರಿಲ್ಲದೆ ಬರೀ ನಂಬರಿನೊಂದಿಗೆ ನನ್ನ ಮೇಜಿಗೆ ಬರುತ್ತಿದ್ದವು.

ಕೊಳಕುಮಂಡಲದ ಕೇಸು ಅಂದರೆ ಡಾಕ್ಟರು ಮೊದಲು ಕೇಳುವುದು ಮೂತ್ರಪಿಂಡದ ಸ್ಲೈಡ್. ಸರಿಯಾದ ಮೂತ್ರಪಿಂಡವನ್ನು ಕೊಯ್ದು ನೋಡಿದರೆ ಜೇನು ತಟ್ಟಿಯ ಹಾಗೆ ಇರುತ್ತದೆ. ಸಣ್ಣ ಸಣ್ಣ ಕೊಳವೆಗಳು ಒತ್ತಾಗಿ ಕೂತಿರುತ್ತವೆ. ಒಂದೊಂದು ಕೊಳವೆಯ ಗೋಡೆಗೂ ಜೀವಕೋಶಗಳ ಸಾಲು. ಒಂದೊಂದು ಕೋಶದಲ್ಲೂ ನೇರಳೆ ಚುಕ್ಕೆ. ಆ ಚುಕ್ಕೆ ಇದೆ ಅಂದರೆ ಕೋಶ ಬದುಕಿತ್ತು ಅಂತ. ಕೊಳಕುಮಂಡಲ ಕಚ್ಚಿ ಕೆಲವು ದಿನ ಕಳೆದು ಸತ್ತವರಲ್ಲಿ ಆ ಚುಕ್ಕೆಗಳು ಮಾಯವಾಗಿರುತ್ತಿದ್ದವು. ಕೊಳವೆಯ ಆಕಾರ ಹಾಗೇ ಇರುತ್ತದೆ, ಒಳಗೆ ಯಾರೂ ಇಲ್ಲ. ಮರಿ ಹಾರಿಹೋದ ತಟ್ಟಿಯ ಹಾಗೆ. ಗೋಡೆಯ ಕೋಶಗಳು ಕಳಚಿ ಕೊಳವೆಯ ನಡುವೆಯೇ ಬಿದ್ದಿರುತ್ತವೆ. ಕೆಲವು ಕೊಳವೆಗಳಲ್ಲಿ ಕಂದು ಕೆಂಪು ಬಣ್ಣದ ಬಿರಡೆ. ಒಡೆದ ರಕ್ತಕಣದ ಬಣ್ಣವೂ ಹಾಳಾದ ಸ್ನಾಯುವಿನ ಬಣ್ಣವೂ ಸೇರಿ ಆಗುವ ಬಿರಡೆ ಅದು. ಕಾದಿಗೆಯಲ್ಲಿ ಸೋಗೆ ಸಿಕ್ಕಿಕೊಂಡು ನೀರು ನಿಂತುಬಿಡುತ್ತದಲ್ಲ, ಅದೇ ಕಥೆ. ಮೂತ್ರ ಕಡಿಮೆಯಾಯಿತು, ಕಪ್ಪಾಯಿತು ಅಂತ ಮನೆಯವರು ಹೇಳುವುದರ ಒಳಗಿನ ಚಿತ್ರ ಇದು.

ಕೊಳವೆ ಮಾತ್ರ ಹಾಳಾದರೆ, ಡಯಾಲಿಸಿಸ್ ಮಾಡಿ ಆ ಕೆಲವು ವಾರ ದಾಟಿಸಿದರೆ, ಹೊಸ ಕೋಶ ಹುಟ್ಟಿ ಮೂತ್ರಪಿಂಡ ಮತ್ತೆ ಕೆಲಸ ಶುರು ಮಾಡುವುದುಂಟು. ಇನ್ನೊಂದು ಥರ ಇದೆ. ಮೂತ್ರಪಿಂಡದ ಹೊರಪದರಕ್ಕೆ ರಕ್ತವೇ ಹೋಗದೆ ಪೂರ್ತಿ ಪಟ್ಟಿಯೇ ಸತ್ತಿರುತ್ತದೆ. ತುಂಡು ಕೊಯ್ಯುವಾಗಲೇ ಬರಿಗಣ್ಣಿಗೆ ಕಾಣುತ್ತದೆ, ಅಂಚಿನ ಉದ್ದಕ್ಕೂ ಬಿಳಚಿಕೊಂಡಿರುತ್ತದೆ. ಸಣ್ಣ ರಕ್ತನಾಳಗಳಲ್ಲಿ ಹೆಪ್ಪು, ಸ್ಲೈಡಿನಲ್ಲಿ ಕಣ್ಣಿಗೆ ಹೊಡೆಯುವ ಗುಲಾಬಿ. ಅಂಥ ಸ್ಲೈಡ್ ನೋಡಿ ನಮ್ಮ ಡಾಕ್ಟರು ಏನೂ ಮಾತಾಡದೆ ಪಕ್ಕಕ್ಕೆ ಇಡುತ್ತಿದ್ದರು.

ಜನ ಒಂದು ಕೇಳುತ್ತಾರೆ. ರಕ್ತ ಹೆಪ್ಪುಗಟ್ಟುವುದಿಲ್ಲ ಅಂತೀರಿ, ನಾಳದಲ್ಲಿ ಹೆಪ್ಪು ಅಂತಲೂ ಹೇಳ್ತೀರಿ, ಯಾವುದು ನಿಜ? ಎರಡೂ ನಿಜ. ಕೊಳಕುಮಂಡಲದ ವಿಷ ಹೆಪ್ಪುಗಟ್ಟಿಸುವ ಕ್ರಿಯೆಯನ್ನೇ ಮೈತುಂಬ ಒಮ್ಮೆಲೇ ಚಾಲೂ ಮಾಡುತ್ತದೆ. ಅದಕ್ಕೆ ಬೇಕಾದ ಸಾಮಾನೆಲ್ಲ ಖರ್ಚಾಗಿ ಹೋಗುತ್ತದೆ. ಆಮೇಲೆ ಎಲ್ಲಿ ಸೋರಿದರೂ ನಿಲ್ಲಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಶ್ವಾಸಕೋಶದ ಗಾಳಿ ಚೀಲಗಳಲ್ಲಿ ರಕ್ತ, ಹೃದಯದ ಒಳಪದರದ ಕೆಳಗೆ ರಕ್ತ, ಕೆಲವರಲ್ಲಿ ಮೆದುಳಿನಲ್ಲೂ ರಕ್ತ. ಮೆದುಳಿನ ಬುಡದಲ್ಲಿ ಮೂಳೆಯ ಸಣ್ಣ ಗುಳಿಯೊಳಗೆ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇರುತ್ತದೆ. ಅದರಲ್ಲೂ ರಕ್ತ ತುಂಬಿ ಸತ್ತಿದ್ದನ್ನು ನೋಡಿದ್ದೇನೆ. ಈ ಗ್ರಂಥಿ ಹಾಳಾಗಿಯೂ ಬದುಕಿ ಉಳಿದವರಿಗೆ ತಿಂಗಳು, ವರ್ಷ ಕಳೆದ ಮೇಲೆ ಸುಸ್ತು, ಮೈಮೇಲಿನ ಕೂದಲು ಉದುರುವುದು, ಹೆಂಗಸರಿಗೆ ಮುಟ್ಟು ನಿಲ್ಲುವುದು ಎಲ್ಲ ಬರಬಹುದು. ಅಷ್ಟು ಹೊತ್ತಿಗೆ ಹಾವಿನ ಮಾತೇ ಮರೆತಿರುತ್ತದೆ.

ಚರ್ಮದ ತುಂಡಿನ ಬಗ್ಗೆ ಹೇಳಲೇಬೇಕು. ಹಲ್ಲಿನ ಗುರುತು ಹುಡುಕಿ ಅಲ್ಲಿಂದ ಸ್ಲೈಡ್ ಮಾಡಬೇಕು. ಆದರೆ ಎಷ್ಟೋ ಸಲ ಹಲ್ಲಿನ ಗುರುತಿಗಿಂತ ಬ್ಲೇಡಿನ ಗುರುತೇ ಜಾಸ್ತಿ ಇರುತ್ತಿತ್ತು. ವಿಷ ಹೊರಗೆ ಬರಲಿ ಅಂತ ಯಾರೋ ಗೀರಿರುತ್ತಾರೆ. ರಕ್ತ ಹೆಪ್ಪುಗಟ್ಟದ ಮೈಯಲ್ಲಿ ಗೀರು ಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಒಂದು ತುಂಡಿನ ಮೇಲೆ ಅರಿಶಿನ, ಹಸಿರು ಸೊಪ್ಪಿನ ಲೇಪ ಫಾರ್ಮಲಿನ್‌ನಲ್ಲೂ ಬಿಡದೆ ಅಂಟಿಕೊಂಡಿತ್ತು. ಅದನ್ನು ಹಚ್ಚಿದವರಿಗೆ ಪ್ರೀತಿ ಇತ್ತು, ಅದರಲ್ಲಿ ಸಂಶಯ ಇಲ್ಲ.

ಒಂದು ಸಿಟ್ಟು ಇನ್ನೂ ಇದೆ. ತುಂಡುಗಳಿಗೆ ಎರಡು ಥರದ ಡಬ್ಬಿ ಬೇಕು. ವಿಷ ಪರೀಕ್ಷೆಗೆ ಹೋಗುವುದನ್ನು ಉಪ್ಪಿನ ಗಟ್ಟಿ ದ್ರಾವಣದಲ್ಲಿ ಇಡಬೇಕು. ಮೈಕ್ರೋಸ್ಕೋಪಿಗೆ ಬರುವುದನ್ನು ಶೇಕಡಾ 10ರ ಫಾರ್ಮಲಿನ್‌ನಲ್ಲಿ ಇಡಬೇಕು. ಒಂದು ಮಳೆಗಾಲದಲ್ಲಿ ಒಂದು ಕಡೆಯಿಂದ, ಎಲ್ಲಿಂದ ಅಂತ ಹೇಳುವುದಿಲ್ಲ, ನಮಗೆ ಬರಬೇಕಾದ ಮೂತ್ರಪಿಂಡ ಉಪ್ಪುನೀರಿನಲ್ಲಿ ಬಂತು. ಕೋಶಗಳು ಕರಗಿ ಗಂಜಿ. ವಿಷ ಕೊಂದದ್ದೋ, ಸತ್ತ ಮೇಲೆ ಕೊಳೆತದ್ದೋ ಹೇಳುವ ಹಾಗಿರಲಿಲ್ಲ. ಹಾವು ಕಚ್ಚಿದ್ದು ಊರಿಗೇ ಗೊತ್ತಿದ್ದರೂ ಯಾಕೆ ಕೊಯ್ಯುತ್ತೀರಿ ಅಂತ ಮನೆಯವರು ಅತ್ತಿರುತ್ತಾರೆ. ಪರಿಹಾರದ ಅರ್ಜಿಗೆ ಆ ವರದಿಯೇ ಆಧಾರ ಅಂತ ಸಮಾಧಾನ ಹೇಳಿ ಒಪ್ಪಿಸಿರುತ್ತಾರೆ. ಆಮೇಲೆ ಡಬ್ಬಿಯ ನೀರು ಬದಲಾಗಿ ವರದಿಯಲ್ಲಿ "ಅಭಿಪ್ರಾಯ ಹೇಳಲಾಗದು" ಅಂತ ಒಂದು ಸಾಲು. ಆ ಸಾಲನ್ನು ಟೈಪ್ ಮಾಡುವುದನ್ನು ನೋಡುತ್ತಾ ನಿಂತಿದ್ದೆ.

ಎರಡನೆಯ ಜೊತೆ

ಇದು ಕಡು ಹಸಿರು, ಕೆಳಗೆ ಹಳದಿ ಅಟ್ಟೆ. ಪಾದದ ಮೇಲೆ 3.1 ಮಿಲಿಮೀಟರ್, ಮೀನಖಂಡದ ಹತ್ತಿರ 2.2. ಜೊತೆಗೆ ಬಟ್ಟೆಯ ಲೈನಿಂಗ್. ದಬ್ಬಣ ಎಲ್ಲೂ ಹೋಗಲಿಲ್ಲ, ಬಾಗಿತು. ಎತ್ತರ 15 ಇಂಚು, ನನಗೆ ಮೊಣಕಾಲಿನ ಬುಡದ ತನಕ ಬರುತ್ತದೆ. ಬೂಟಿಗೂ ಕಾಲಿಗೂ ನಡುವೆ ಒಂದು ಬೆರಳು ಜಾಗ ಉಳಿಯುತ್ತದೆ. ಅದು ದೋಷ ಅಂತ ಅಂಗಡಿಯವರು ಬಿಗಿಯಾದ್ದನ್ನು ತೋರಿಸಿದರು. ನಾನು ಬೇಡ ಅಂದೆ. ಕೊಳಕುಮಂಡಲದ ಹಲ್ಲು ಒಂದೂವರೆ ಸೆಂಟಿಮೀಟರಿನ ತನಕ ಬೆಳೆಯುತ್ತದೆ. ರಬ್ಬರು ದಾಟಿದರೂ ಆ ಖಾಲಿ ಜಾಗದಲ್ಲೇ ಅದರ ಉದ್ದ ಸ್ವಲ್ಪ ಖರ್ಚಾಗಲಿ ಅಂತ.

ಎರಡೂ ಬೂಟು ಸೇರಿ 1.9 ಕೆ.ಜಿ. ಭಾರ. ಮೊದಲ ವಾರ ತೊಡೆ ನೋವು ಬಂತು, ಆಮೇಲೆ ಅಭ್ಯಾಸವಾಯಿತು. ಪಾಚಿಗಟ್ಟಿದ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಹಿಡಿತ ಚೆನ್ನಾಗಿದೆ. ಒದ್ದೆ ಅಡಿಕೆ ಹಾಳೆಯ ಮೇಲೆ ಮಾತ್ರ ಜಾರುತ್ತದೆ. ಅದರ ಮೇಲೆ ಯಾವುದು ಜಾರುವುದಿಲ್ಲ ಹೇಳಿ? ಒಳಗೆ ಒದ್ದೆಯಾದರೆ ಒಣಗುವುದಕ್ಕೆ ಎರಡು ದಿನ ಬೇಕು. ನಾನು ಹಂಡೆ ಒಲೆಯಿಂದ ಸ್ವಲ್ಪ ದೂರ ಕಟ್ಟಿಗೆ ಅಟ್ಟಕ್ಕೆ ತಲೆಕೆಳಗಾಗಿ ತೂಗುಹಾಕುತ್ತೇನೆ. ಹತ್ತಿರ ಇಟ್ಟರೆ ಸೊಟ್ಟಗಾಗುತ್ತದೆ. ಉಂಬಳ? ನಿಲ್ಲುವುದಿಲ್ಲ. ಬೂಟು ಹತ್ತಿ, ಅಂಚು ದಾಟಿ, ಒಳಗೆ ಇಳಿಯುತ್ತವೆ. ಬೂಟಿನ ಬಾಯಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡರೆ ಅರ್ಧ ದಿನ ನೆಮ್ಮದಿ.

ಇದರಲ್ಲೂ 5ಕ್ಕಿಂತ ಸಣ್ಣ ಸೈಜಿಲ್ಲ. ದಪ್ಪ ಸಾಕ್ಸ್ ಒಂದು ಹಾಕಿದರೆ ನನಗೆ ನಡೆಯುತ್ತದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಇದರಿಂದ ಉಪಯೋಗ ಇಲ್ಲ, ಬೂಟು ಹಾಕಿ ಮರ ಹತ್ತುವುದುಂಟೆ? ಕೆಳಗೆ ಹಗ್ಗ ಹಿಡಿಯುವವರಿಗೆ ಬೇಕು.

ಇನ್ನು ನಾನು ಆ ದಿನ ನೋಡಿದ ಸಣ್ಣ ಹಾವಿನ ವಿಷಯ. ಮೂತಿ ಮೇಲಕ್ಕೆ ತಿರುಗಿದ, ದರಕಿನ ಬಣ್ಣದ ಗುಳಿಮಂಡಲ. ಉದ್ದ ಒಂದೂವರೆ, ಎರಡು ಗೇಣು. ಪಶ್ಚಿಮ ಘಟ್ಟದ ತೋಟ, ಕಾಡುಗಳಲ್ಲಿ ಇರುವಂಥದ್ದು. ಸಣ್ಣದು ಅಂತ ಸಸಾರ ಮಾಡುತ್ತಾರೆ. ಬಹಳ ಜನಕ್ಕೆ ಊತ, ನೋವಿನಲ್ಲೇ ಮುಗಿಯುತ್ತದೆ, ನಿಜ. ಆದರೆ ಕೆಲವರಲ್ಲಿ ಕೊಳಕುಮಂಡಲದ ಹಾಗೇ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ, ಮೂತ್ರಪಿಂಡವೂ ಕೆಡುತ್ತದೆ. ಅದಕ್ಕಿಂತ ಮುಖ್ಯ ಮಾತು ಇದು: ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷದಿಂದ ಕುದುರೆಯಲ್ಲಿ ತಯಾರಾದದ್ದು. ಈ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅಂದರೆ ನಮ್ಮ ತೋಟದಲ್ಲೇ ಇರುವ ಒಂದು ಹಾವಿಗೆ ಆಸ್ಪತ್ರೆಯಲ್ಲಿ ಮದ್ದಿಲ್ಲ. ಅಲ್ಲಿ ಮಾಡುವುದೆಲ್ಲ ಮೂತ್ರಪಿಂಡ, ರಕ್ತ ನೋಡಿಕೊಂಡು ದಿನ ದಾಟಿಸುವ ಕೆಲಸ. ಅದರ ಹಲ್ಲು ಸಣ್ಣದು. 2 ಮಿಲಿಮೀಟರ್ ರಬ್ಬರು, ಒಳಗೆ ಬಟ್ಟೆ, ಆಮೇಲೆ ಸಾಕ್ಸ್. 650 ರೂಪಾಯಿಗೆ ನಾನು ತಗೊಂಡ ಮದ್ದು ಇದು. ಮೈದುನನಿಗೆ ಹೇಳಿದ್ದೂ ಇಷ್ಟೇ.

ನಾಲ್ಕರಲ್ಲಿ ಒಂದು ಕಚ್ಚಿದರೂ ಇಂಜೆಕ್ಷನ್ ಇದೆಯಲ್ಲ ಅಂತ ಧೈರ್ಯ ಪಡುವವರಿಗೆ ಒಂದು ಲೆಕ್ಕ. ಒಂದು ಬಾಟಲಿಯಲ್ಲಿ 10 ಎಂ.ಎಲ್. ಮದ್ದು. ಒಂದು ಎಂ.ಎಲ್. ಸುಮಾರು 0.6 ಮಿಲಿಗ್ರಾಂ ಕೊಳಕುಮಂಡಲದ ವಿಷಕ್ಕೆ ಸಾಕು. ಹಾವು ಒಂದು ಕಚ್ಚಿಗೆ ಬಿಡುವುದು ಸರಾಸರಿ 63 ಮಿಲಿಗ್ರಾಂ. ಅದಕ್ಕೇ ಮೊದಲ ಸಲವೇ 10 ಬಾಟಲಿ ಹಾಕುತ್ತಾರೆ. ಮದ್ದು ರಕ್ತದಲ್ಲಿ ತಿರುಗಾಡುವ ವಿಷವನ್ನು ಹಿಡಿಯುತ್ತದೆ. ಆಗಲೇ ಸತ್ತ ಕೋಶಕ್ಕೆ ಜೀವ ಕೊಡುವುದಿಲ್ಲ. ನಾನು ಖಾಲಿ ತಟ್ಟಿಯ ಹಾಗೆ ನೋಡಿದ ಸ್ಲೈಡುಗಳಲ್ಲಿ ಮದ್ದು ಸಿಕ್ಕಿದವರದ್ದೂ ಇದ್ದವು. ತಡವಾಗಿ ಸಿಕ್ಕಿತ್ತು.

ಲ್ಯಾಬಿನವಳಾಗಿ ಇನ್ನೊಂದು. ಆಸ್ಪತ್ರೆಯಲ್ಲಿ 2 ಎಂ.ಎಲ್. ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಓರೆ ಮಾಡಿ ನೋಡುತ್ತಾರೆ. ಹರಿದರೆ ವಿಷ ಏರಿದೆ ಅಂತ. ಆ ಟ್ಯೂಬು ಗಾಜಿನದ್ದೇ ಆಗಬೇಕು, ಒಣಗಿರಬೇಕು, ಸೋಪಿನ ಅಂಶ ಇರಬಾರದು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಒಳ್ಳೆ ರಕ್ತವೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹತ್ತು ರೂಪಾಯಿಯ ಗಾಜಿಗೆ ಇಷ್ಟು ಬೆಲೆ ಇದೆ.

ಮೂರನೆಯ ಜೊತೆ

ಮಗಳು ಬೆಂಗಳೂರಿನಿಂದ ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದು. 1,450 ರೂಪಾಯಿ. ಸೈಜು 4 ಸಿಕ್ಕಿತು, ಅದೊಂದೇ ಇದರ ದೊಡ್ಡ ಗುಣ. ನೋಡುವುದಕ್ಕೆ ಚಂದ, ಹೂವಿನ ಚಿತ್ರ ಬೇರೆ. ಹಗುರ, ಮೆತ್ತಗಿದೆ. ಮೀನಖಂಡದ ಹತ್ತಿರ 1.1 ಮಿಲಿಮೀಟರ್. ದಬ್ಬಣ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಬೆಂಗಳೂರಿನ ಮಳೆಗೆ ಸಾಕು. ನಮ್ಮ ತೋಟಕ್ಕೆ ಅಲ್ಲ. ಮಗಳಿಗೆ ಹೇಳಿಲ್ಲ, ಅಂಗಳದಲ್ಲಿ ಹೂಗಿಡಕ್ಕೆ ನೀರು ಹಾಕುವಾಗ ಹಾಕಿಕೊಳ್ಳುತ್ತೇನೆ.

ಬೂಟಿಗೆ ಆಗದ್ದು

ಕಟ್ಟುಹಾವಿಗೆ ಯಾವ ಬೂಟೂ ಪ್ರಯೋಜನ ಇಲ್ಲ. ಅದು ಹೆಚ್ಚಾಗಿ ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಬಿಡಿಸಲಾಗುವುದಿಲ್ಲ, ಆಮೇಲೆ ಉಸಿರು. ಇಂಥ ಕೇಸಿನ ಸ್ಲೈಡುಗಳಲ್ಲಿ ನಮಗೆ ಏನೂ ಸಿಗುತ್ತಿರಲಿಲ್ಲ. ರಕ್ತ ತುಂಬಿಕೊಂಡ ಶ್ವಾಸಕೋಶ, ರಕ್ತ ತುಂಬಿಕೊಂಡ ಲಿವರ್, ಉಸಿರು ನಿಂತು ಸತ್ತ ಯಾರಲ್ಲೂ ಕಾಣುವಂಥದ್ದು. ಆ ವಿಷ ನರದ ತುದಿಯನ್ನು ಕೆಡಿಸಿ ಹೋಗುತ್ತದೆ. ನಮ್ಮ ಮೈಕ್ರೋಸ್ಕೋಪಿಗೆ ಅದು ಕಾಣುವುದಿಲ್ಲ. ಎಲ್ಲ ಕೋಶದಲ್ಲೂ ನೇರಳೆ ಚುಕ್ಕೆ ಇದೆ, ಎಲ್ಲ ಸರಿ ಇದೆ, ಮನುಷ್ಯ ಮಾತ್ರ ಇಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ತೋರಿಸಿದಾಗ ಅವರಿಗೆ ಕೊಳಕುಮಂಡಲದ ಸ್ಲೈಡಿಗಿಂತ ಇದೇ ಜಾಸ್ತಿ ಹೆದರಿಕೆ ಹುಟ್ಟಿಸುತ್ತಿತ್ತು. ಇದಕ್ಕೆ ಮಂಚ ಬೇಕು, ಹಾಸಿಗೆಯ ಕೆಳಗೆ ಸುತ್ತ ಸಿಕ್ಕಿಸಿದ ಸೊಳ್ಳೆ ಪರದೆ ಬೇಕು. ಪರದೆಗೆ 300 ರೂಪಾಯಿ ಕೊಟ್ಟೆ, ಅದರ ಬಗ್ಗೆ ದೂರಿಲ್ಲ.

ಟಾರ್ಚು ಬೇಕೇ ಬೇಕು. ಮೊಬೈಲಿನ ಲೈಟು ಕಾಲಿನ ಹತ್ತಿರ ಬರುವುದೇ ಇಲ್ಲ, ಮುಖದ ಎದುರು ಇರುತ್ತದೆ.

2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಪಟ್ಟಿಗೆ ಸೇರಿಸಿದ್ದಾರೆ. ಒಳ್ಳೆಯದಾಯಿತು. ನಮ್ಮ ಕಾಲದಲ್ಲಿ ಲೆಕ್ಕ ಇದ್ದದ್ದು ಡಬ್ಬಿಯ ಮೇಲಿನ ನಂಬರಿನಲ್ಲಿ ಮಾತ್ರ.

ಕೊನೆಗೆ ಒಂದು ಎಚ್ಚರಿಕೆ. ಬೂಟು ಹಾಕುವ ಮೊದಲು ತಲೆಕೆಳಗೆ ಮಾಡಿ ನಾಲ್ಕು ಸಲ ಕುಟ್ಟಿ. ನನ್ನ ಎರಡನೆಯ ಜೊತೆಯಿಂದ ಈ ತನಕ ಮೂರು ಕಪ್ಪೆ, ಒಂದು ಚೇಳು, ಮೈದುನ ಕಳೆದುಹೋಯಿತು ಅಂತ ಹುಡುಕುತ್ತಿದ್ದ ಅಡಕೊತ್ತು ಬಿದ್ದಿವೆ. ಅಡಕೊತ್ತು ಅಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ ಬಾಯಿ ಬಿಡುತ್ತಿಲ್ಲ. ಯಾರೂ ಇಲ್ಲದಾಗ ಹಾಕಿಕೊಂಡು ತೋಟಕ್ಕೆ ಹೋಗುತ್ತಾನೆ ಅಂತ ನನ್ನ ಅನುಮಾನ. ಅವನ ಕಾಲು 8. ಬೂಟಿನ ಬಾಯಿ ಅಗಲ ಆದದ್ದಕ್ಕೆ ಅದೇ ಕಾರಣ ಇರಬೇಕು. ಮುಂದಿನ ಸೋಮವಾರ ಪೇಟೆಗೆ ಹೋಗುವವಳಿದ್ದೇನೆ. 8ರದ್ದು ಒಂದು ಜೊತೆ ತರುತ್ತೇನೆ.